ಹಳದಿ ಹರಳಿಗೆ ಬೆಲೆ ಕಟ್ಟಿದವರು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ದಿಂಡುಗಲ್ಲಿನ ಹರಳಿನ ಅಂಗಡಿಯ ಬಾಗಿಲು ಒಳಗಿನಿಂದ ಮುಚ್ಚಿಕೊಂಡಿತು. ಮುಚ್ಚಿದವರು ನಾವಲ್ಲ. ಕಲ್ಲು ಪರೀಕ್ಷಿಸುವ ತಾತ ಆಗ ನಮ್ಮ ಹಳದಿ ಹರಳನ್ನು ನಾಲಿಗೆಯ ತುದಿಗಿಟ್ಟು ಕಣ್ಣು ಮುಚ್ಚಿದ್ದರು. ತಣ್ಣಗೇ ಉಳಿದರೆ ಕಲ್ಲು, ಬೇಗ ಬೆಚ್ಚಗಾದರೆ ಗಾಜು. ಅವರ ಮೊದಲ ಪರೀಕ್ಷೆ ಯಾವಾಗಲೂ ಅದೇ.

ಅರವತ್ತೈದರ ಬೇಸಿಗೆ. ಕಂಬಂ ಪಕ್ಕದ ನಮ್ಮ ದ್ರಾಕ್ಷಿ ತೋಟದಲ್ಲಿ ಬಾವಿ ತೋಡುವಾಗ ಅಪ್ಪನಿಗೆ ಸಿಕ್ಕ ಹರಳು. ತಪ್ಪು ನನ್ನದು. ಭೂವಿಜ್ಞಾನ ಓದಿದ ಜಂಬದಲ್ಲಿ ಅದನ್ನು ಬಸ್ಸಿನ ಕಿಟಕಿಯ ಬಿಸಿಲಿಗೆ ತಿರುಗಿಸಿ, ಒಂದು ಕಡೆಯಿಂದ ಜೇನು ಬಣ್ಣ, ಇನ್ನೊಂದು ಕಡೆಯಿಂದ ಹಸಿರು, ಇದು ಪುಷ್ಯರಾಗಕ್ಕಿಂತ ಅಪರೂಪದ ಸಿಲಿಕೇಟ್ ಎಂದು ಅಪ್ಪನಿಗೆ ತಮಿಳಿನಲ್ಲಿ ವಿವರಿಸಿದ್ದೆ. ಮನೆಯ ಕನ್ನಡದಲ್ಲಿ ಹೇಳಿದ್ದರೆ ಹಿಂದಿನ ಸೀಟಿನ ಇಬ್ಬರಿಗೆ ಅರ್ಥವಾಗುತ್ತಿರಲಿಲ್ಲ. ಕಾಲೇಜಿನ ಮಾತಿಗೆ ನಮ್ಮ ಕನ್ನಡ ಸಾಲದೆಂದುಕೊಂಡಿದ್ದೆ.

ಅವರೇ ಈಗ ಒಳಗೆ ನಿಂತಿದ್ದರು. ಒಬ್ಬನ ಕತ್ತಿ ಅಪ್ಪನ ಹೊಟ್ಟೆಗೆ ಒತ್ತಿಕೊಂಡಿತ್ತು.

“ಏನು ಕಲ್ಲು, ಪೆರಿಯವರೆ?” ಕತ್ತಿಯವನು ತಾತನನ್ನು ತಮಿಳಿನಲ್ಲಿ ಕೇಳಿದ.

ತಾತ ಹರಳನ್ನು ಹೆಗಲ ಟವೆಲ್ಲಿಗೆ ಒರೆಸಿದರು. “ಸೋಡಾ ಬಾಟಲಿ ತಳಕ್ಕೆ ಕತ್ತಿ ಯಾಕಪ್ಪ? ನಿಜವಾದ ಕಲ್ಲು ಸುತ್ತಿಗೆಗೆ ಒಡೆಯಲ್ಲ. ನೋಡಿಕೋ.”

ಅದು ಸುಳ್ಳೆಂದು, ನಿಜವಾದ ಕಲ್ಲೂ ಒಡೆಯುತ್ತದೆಂದು ನನಗೆ ಗೊತ್ತಿತ್ತು. ತಾತನ ಒಂದೇ ಪೆಟ್ಟಿಗೆ ಹರಳು ನುಚ್ಚಾಯಿತು.

“ಕಾಲೇಜು ತಂಬಿಗೆ ಗಾಜು ಗೊತ್ತಾಗಲಿಲ್ಲ, ಪಾಪ,” ಎಂದು ನನ್ನತ್ತ ತೋರಿಸಿದರು.

ಕತ್ತಿಯವನು ಒಂದು ಚೂರನ್ನು ಬೆರಳಲ್ಲಿ ಉಜ್ಜಿ ನೋಡಿ ಉಗಿದ. “ಸುಳ್ಳಾಗಿದ್ದರೆ ಮತ್ತೆ ಬರುತ್ತೇವೆ.”

ಅವರು ಹೋದ ಮೇಲೆ ಅಪ್ಪ ನೆಲದಲ್ಲೇ ಕುಳಿತರು. “ಗಾಜಾ, ಮಾವ?” ಎಂದು ನಮ್ಮ ಮಾತಿನಲ್ಲಿ ಕೇಳಿದರು. ತಾತನೂ ನಮ್ಮಂತೆ ಕನ್ನಡದವರೇ.

“ಗಾಜೇಪ್ಪ. ಹೋಗು, ಮುಖ ತೊಳೆದು ಬಾ.”

ಹರಳಿನ ಬೆಲೆಯನ್ನು ಅಲ್ಲಿ ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಒತ್ತಿ ಹೇಳುತ್ತಾರೆ. ಅಪ್ಪ ಹಿತ್ತಲಿಗೆ ಹೋದೊಡನೆ ತಾತ ನನ್ನ ಕೈಮೇಲೆ ಟವೆಲ್ಲು ಹಾಕಿ, ಐದೂ ಬೆರಳನ್ನು ಒಟ್ಟಿಗೆ ಹಿಡಿದು ಬಿಟ್ಟು, ಮತ್ತೆ ಹಿಡಿದರು. ನಮ್ಮ ತೋಟದ ಬೆಲೆಗಿಂತ ಹೆಚ್ಚು.

“ಕೇಳಕ್ಕೆ ಬಂದವರನ್ನ ಬೆಲೆ ಹೇಳದೆ ಕಳಿಸಿಲ್ಲ ನಾನು. ಅಪ್ಪನಿಗೆ ಹೇಳಬೇಡ. ಅವನ ಮುಖ ಸುಳ್ಳು ಹೇಳಲ್ಲ.”

ಆಮೇಲೆ ಎರಡು ವರ್ಷ, ನಾಯಿ ಬೊಗಳಿದರೆ ಎದ್ದು ಕೂರುತ್ತಿದ್ದೆ. ಅವರು ತಾತನ ಬಳಿಗೇ ಮರಳಿ ಹೋದರೆ, ಹೊಡೆದು ಕೇಳಿದರೆ, ತಾತ ನಿಜ ಹೇಳಿಬಿಟ್ಟರೆ, ಅಲ್ಲಿಂದ ಅವರು ನಮ್ಮ ತೋಟಕ್ಕೆ ಬಂದರೆ? ಒಮ್ಮೆಯೂ ದಿಂಡುಗಲ್ಲಿಗೆ ಹೋಗಿ ಕ್ಷೇಮ ಕೇಳಲಿಲ್ಲ. ಯಾರಾದರೂ ನೋಡಿಬಿಟ್ಟಾರೆಂಬ ಭಯ.

ಒಂದು ಶುಕ್ರವಾರ, ತಾತ ಜ್ವರದಿಂದ ತೀರಿಕೊಂಡರೆಂದು ಕಾಗದ ಬಂತು. ಗಾಜೆಂದೇ ನಂಬಿದ್ದ ಅಪ್ಪ ಕಾಗದ ಹಿಡಿದು ಅತ್ತರು. ನಿಜ ಬಲ್ಲವನು ಇನ್ನು ನಾನೊಬ್ಬನೇ. ಅಂದು ರಾತ್ರಿ ನಾನು ಬೆಳಗಿನವರೆಗೂ ಎಚ್ಚರವಾಗದೆ ಮಲಗಿದೆ.