ಉಂಗುರ ಬೆರಳಿನ ಅರ್ಧ ಭಾಗ

ಬೀಗದಮ್ಮನ ಬಾಯಿಂದ 'ಗೊತ್ತಿಲ್ಲ' ಎಂಬ ಮಾತು ಹೊರಟದ್ದನ್ನು ಆ ಬೀದಿಯಲ್ಲಿ ಕೇಳಿದವರಿಲ್ಲ. ಇಪ್ಪತ್ತೆಂಟು ವರ್ಷದಿಂದ ಅವಳದು ಒಂದೇ ಅಂಗಡಿ, ಒಂದೇ ಸ್ಟೂಲು, ಒಂದೇ ಕಸುಬು. ಕೀಲಿ ಕಳೆದುಕೊಂಡು ಮುಖ ಸಪ್ಪಗೆ ಮಾಡಿಕೊಂಡು ಬಂದವರ ಬೀಗವನ್ನು ಎಡಗೈಯಲ್ಲಿ ಹಿಡಿಯುವಳು, ಅದೇ ಕೈಯ ಕಿರುಬೆರಳಿನಿಂದ ಒಂದು ಬಾಗಿದ ಕಡ್ಡಿಯನ್ನು ಮೆಲ್ಲಗೆ ಒತ್ತಿಟ್ಟುಕೊಳ್ಳುವಳು, ಬಲಗೈಯ ತೆಳು ಕಡ್ಡಿಯಿಂದ ಒಳಗಿನ ಪಿನ್ನುಗಳನ್ನು ಒಂದೊಂದಾಗಿ ಎತ್ತುವಳು. ಪಿನ್ನು ತನ್ನ ಜಾಗದಲ್ಲಿ ಕೂತಿತೆಂದು ಹೇಳಬೇಕಾದದ್ದು ಆ ಕಿರುಬೆರಳು. ಅದು ಹೇಳುತ್ತಿತ್ತು, ಇವಳು ಗಿರಾಕಿಯ ಜೊತೆ ಲೋಕಾಭಿರಾಮ ಮಾತಾಡುತ್ತಲೇ ಬೀಗ ತೆಗೆದುಕೊಡುತ್ತಿದ್ದಳು.

ಅಂಥ ಕಿರುಬೆರಳು ಐದು ತಿಂಗಳಿಂದ ಮುನಿಸಿಕೊಂಡಿತ್ತು. ಮೊದಲು ಇರುವೆ ಹರಿದಂತೆ ಜುಮುಜುಮು ಎಂದಿತು, ಆಮೇಲೆ ಜೋಮು ಹಿಡಿಯಿತು, ಪಕ್ಕದ ಬೆರಳನ್ನೂ ಕೆಡಿಸಿತು. ಬೀಗದಮ್ಮ ಯಾರಿಗೂ ಹೇಳಲಿಲ್ಲ. ಒಂದು ದಿನ ತುಂಬಿದ ಚಹಾದ ಲೋಟ ಕೈಯಿಂದ ಜಾರಿ ನಾದಿನಿಯ ಮಡಿಲಿಗೇ ಬಿದ್ದ ಮೇಲೆ ಗುಟ್ಟು ಬಯಲಾಯಿತು. ನಾದಿನಿ ಅದೇ ಅಂಗಡಿಯಲ್ಲಿ ಕೀಲಿ ಕೊರೆಯುವ ಯಂತ್ರದ ಮುಂದೆ ಹದಿನಾಲ್ಕು ವರ್ಷದಿಂದ ಕೂತವಳು. ಅಷ್ಟು ವರ್ಷದಲ್ಲಿ ಒಂದು ಬೀಗವನ್ನಾದರೂ ತೆಗೆಯಲು ಅತ್ತಿಗೆ ಅವಳಿಗೆ ಬಿಟ್ಟುಕೊಟ್ಟಿರಲಿಲ್ಲ.

ಆಸ್ಪತ್ರೆಯ ನರಗಳ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. "ಅಮ್ಮಾ, ಕಣ್ಣು ಮುಚ್ಚಿಕೊಳ್ಳಿ. ನಾನು ಎಲ್ಲಿ ಮುಟ್ಟಿದೆ ಅಂತ ಹೇಳಿ, ಅಷ್ಟೇ" ಎಂದರು. ಹತ್ತಿಯಿಂದ ಮುಟ್ಟಿದರು, ಮೊಂಡು ಸೂಜಿಯಿಂದ ಚುಚ್ಚಿದರು. ಹೆಬ್ಬೆರಳು, ನಡುಬೆರಳು, ಕಿರುಬೆರಳು, ಅಂಗೈ ಅಂಚು ಎಂದು ಬೀಗದಮ್ಮ ಪಟಪಟ ಉತ್ತರ ಕೊಟ್ಟಳು. ಇಪ್ಪತ್ತಕ್ಕೆ ಇಪ್ಪತ್ತೂ ಸರಿ. ತರಗತಿಗೇ ಮೊದಲು ಬಂದವಳ ಹಾಗೆ ಬೀಗುತ್ತಾ ಕಣ್ಣು ಬಿಟ್ಟಳು. ಡಾಕ್ಟರ ಹುಬ್ಬು ಮಾತ್ರ ಗಂಟಾಗಿತ್ತು.

"ಸ್ಪರ್ಶ ಎಲ್ಲಾ ಚೆನ್ನಾಗಿದೆ. ಆದ್ರೂ ಜೋಮು ಅಂತೀರಿ, ಹಿಡಿತ ಕಡಿಮೆ ಆಗಿದೆ, ಕತ್ತು ನೋಯುತ್ತೆ, ಒಂದೊಂದು ಸಲ ಕಾಲೂ ಜುಮ್ಮನ್ನುತ್ತೆ ಅಂತೀರಿ. ಕಾರಣ ಎಲ್ಲಿದೆ ಅಂತ ಒಂದು ಜಾಗಕ್ಕೆ ಬೆರಳಿಟ್ಟು ತೋರ್ಸೋಕೆ ಆಗ್ತಿಲ್ಲ" ಎಂದು ಅವರು ಒಂದು ಚೀಟಿಯಲ್ಲಿ ಐದು ಪರೀಕ್ಷೆ ಬರೆದರು. ರಕ್ತ, ಮೆದುಳಿನ ಸ್ಕ್ಯಾನು, ಕತ್ತಿನ ಸ್ಕ್ಯಾನು, ನರಕ್ಕೆ ಸಣ್ಣದಾಗಿ ಕರೆಂಟು ಕೊಟ್ಟು ನೋಡುವುದು, ಇಷ್ಟರಲ್ಲೂ ಸಿಗದಿದ್ದರೆ ಬೆನ್ನುಮೂಳೆಯ ನಡುವೆ ಸೂಜಿ ಹಾಕಿ ನೀರು ತೆಗೆಯುವುದು. "ಇಲ್ಲಾಂದ್ರೆ ಆರು ವಾರ ಕಾದು ನೋಡ್ಬಹುದು. ಆದ್ರೆ ನರ ಒಂದು ಹಂತ ದಾಟಿ ಕೆಟ್ರೆ ಮತ್ತೆ ಸರಿಹೋಗೋದು ಕಷ್ಟ. ಮನೇಲಿ ಮಾತಾಡಿ, ಗುರುವಾರ ಬನ್ನಿ."

ಮನೆಯಲ್ಲಿ ಮಾತಾಡಿದ್ದೇ ಮಾತಾಡಿದ್ದು. ಬೀಗದಮ್ಮನ ಗಂಡ ಬಸ್ಸು ಓಡಿಸುವವನು, ಅರ್ಧ ದಾರಿಯಲ್ಲಿ ನಿಲ್ಲುವುದೆಂದರೆ ಅವನಿಗಾಗದು. "ಐದಕ್ಕೆ ಐದೂ ಮಾಡಿಸಿಬಿಡೋಣ ಕಣೇ. ಒಂದೇ ಸಲಕ್ಕೆ ಗೊತ್ತಾಗ್ಲಿ" ಎಂದ.

"ಬೆನ್ನಿಗೆ ಹಾಕೋ ಸೂಜಿನೂ ಸೇರಿಸೇನಾ ಅಣ್ಣಾ?" ಎಂದಳು ನಾದಿನಿ. "ನೀನು ಮೊದ್ಲು ಹಾಕಿಸ್ಕೊಂಡು ತೋರ್ಸು, ಆಮೇಲೆ ಅತ್ತಿಗೆಗೆ ಹೇಳು. ನನ್ನ ಕೇಳಿದ್ರೆ ಆರು ವಾರ ಸುಮ್ನಿರಿ ಅತ್ತಿಗೆ. ಬರೀ ಸುಸ್ತು ಇರುತ್ತೆ."

ಬೀಗದಮ್ಮನಿಗೆ ಎರಡೂ ದಾರಿ ಭಯ ಹುಟ್ಟಿಸಿದವು. ಸೂಜಿ ನೆನೆದರೆ ಬೆನ್ನು ತಾನೇ ತಾನಾಗಿ ಸೆಟೆದುಕೊಳ್ಳುತ್ತಿತ್ತು. ಕಾಯೋಣವೆಂದರೆ ನರ ಕೆಟ್ಟೇಹೋದೀತು. ಕಿರುಬೆರಳು ಹೋದರೆ ಕಸುಬು ಹೋಯಿತು, ಕಸುಬು ಹೋದ ಮೇಲೆ ಬೀಗದಮ್ಮ ಎಂದು ಕರೆಸಿಕೊಳ್ಳಲು ಉಳಿಯುವುದಾದರೂ ಏನು? ಕೊನೆಗೆ ಗಂಡನ ಮಾತಿಗೆ ತಲೆಯಾಡಿಸಿದಳು. ಗುರುವಾರ ಹನ್ನೊಂದಕ್ಕೆ ಐದೂ ಪರೀಕ್ಷೆಗೆ ಒಪ್ಪಿಗೆ ಕೊಡುವುದು, ಅವನು ಡ್ಯೂಟಿ ಮುಗಿಸಿ ನೇರ ಆಸ್ಪತ್ರೆಗೇ ಬರುವುದು ಎಂದು ತೀರ್ಮಾನವಾಯಿತು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಎದುರಿನ ಇಸ್ತ್ರಿ ಅಂಗಡಿಯವನು ಕಪಾಟಿನ ಬೀಗ ತಂದು ಮೇಜಿನ ಮೇಲಿಟ್ಟ. ಐದು ಪಿನ್ನಿನ ಸಾಧಾರಣ ಬೀಗ. ಬೀಗದಮ್ಮ ಎಂದಿನಂತೆ ಎಡ ಮೊಣಕೈಯನ್ನು ಮೇಜಿಗೆ ಊರಿ ಕೂತಳು. ಪಕ್ಕದಲ್ಲಿ ನಾದಿನಿಯ ಯಂತ್ರ ಕರ್ರೆಂದು ಕಿರುಚುತ್ತಿತ್ತು. ಐದು ನಿಮಿಷವಾಯಿತು, ಹತ್ತಾಯಿತು, ಬೀಗ ಜಪ್ಪಯ್ಯ ಎನ್ನಲಿಲ್ಲ. ಇಸ್ತ್ರಿಯವನು ಆ ಕಾಲು ಈ ಕಾಲು ಬದಲಿಸಿದ. ಬೀಗದಮ್ಮನ ಹಣೆಯಲ್ಲಿ ಬೆವರು ಮೂಡಿತು.

ಅಷ್ಟರಲ್ಲಿ ನಾದಿನಿ ಯಂತ್ರ ನಿಲ್ಲಿಸಿದಳು. ಟಿಕ್, ಟಿಕ್ ಎಂದು ಪಿನ್ನುಗಳು ಕೂತವು, ಬೀಗ ಬಾಯಿ ಬಿಟ್ಟಿತು.

ಇಸ್ತ್ರಿಯವನು ಬೀಗಕ್ಕೆ ಕೈ ಚಾಚಿದ. ಬೀಗದಮ್ಮ ಕೊಡಲಿಲ್ಲ, ಮತ್ತೆ ಒತ್ತಿ ಹಾಕಿದಳು. "ಯಂತ್ರ ಹಾಕು" ಎಂದಳು. ನಾದಿನಿ ಹಾಕಿದಳು. ಬೀಗ ಬರಲಿಲ್ಲ. "ನಿಲ್ಸು." ಬಂತು. "ಹಾಕು." ಬರಲಿಲ್ಲ.

"ಅತ್ತಿಗೆ, ಆಸ್ಪತ್ರೆಗೆ ಈಗ್ಲೇ ಹೊರಡೋಣ" ಎಂದು ನಾದಿನಿ ಗಾಬರಿಯಿಂದ ಎದ್ದೇ ನಿಂತಳು. ಇವಳ ತಲೆ ಕೆಟ್ಟಿದೆ ಎಂದೇ ಅವಳು ತಿಳಿದದ್ದು.

ಬೀಗದಮ್ಮನಿಗೆ ಈಗ ತಿಳಿಯಿತು. ಇಷ್ಟು ತಿಂಗಳೂ ಬೀಗ ತೆಗೆದದ್ದು ಬೆರಳಲ್ಲ, ಕಿವಿ. ತನಗೇ ತಿಳಿಯದ ಹಾಗೆ ಕಿವಿ ಬೆರಳಿನ ಕೆಲಸ ವಹಿಸಿಕೊಂಡಿತ್ತು. ಆಗ ಡಾಕ್ಟರ ಕೋಣೆಯೂ ನೆನಪಾಯಿತು. ಅವರು ಕಿರುಬೆರಳಿನ ಕಡೆ ಬಾಗಿದಾಗೆಲ್ಲ ಕುರ್ಚಿಯ ಚಕ್ರ ಕೀಚ್ ಎನ್ನುತ್ತಿತ್ತು, ಹೆಬ್ಬೆರಳಿನ ಕಡೆ ಬಂದರೆ ಕೋಟಿನ ತೋಳು ಸರಕ್ ಎನ್ನುತ್ತಿತ್ತು. ಮುಚ್ಚಿದ ಪೆಟ್ಟಿಗೆಯೊಳಗೆ ಏನಿದೆಯೆಂದು ಊಹಿಸುವುದೇ ಬದುಕಾದವಳಿಗೆ ಸುಮ್ಮನೆ ಕೂರಲು ಬರುತ್ತದೆಯೇ? ಮುಟ್ಟಿದ್ದು ತಿಳಿದು ಉತ್ತರ ಹೇಳಿರಲಿಲ್ಲ, ಬೀಗ ತೆಗೆದ ಹಾಗೆ ಡಾಕ್ಟರ ಸದ್ದನ್ನೇ ಹಿಡಿದು ಹೇಳಿಬಿಟ್ಟಿದ್ದಳು. ಆ ಇಪ್ಪತ್ತು ಅಂಕವನ್ನು ನಂಬಿ ಅವರು ಬೆನ್ನಿಗೆ ಸೂಜಿ ಬರೆದಿದ್ದರು.

ಹನ್ನೊಂದರವರೆಗೆ ಕಾಯುವ ತಾಳ್ಮೆ ಯಾರಿಗಿದೆ. ಅತ್ತಿಗೆ ನಾದಿನಿ ಇಬ್ಬರೂ ಅಂಗಡಿ ಮುಚ್ಚಿ ಓಡುನಡಿಗೆಯಲ್ಲಿ ಹೊರಟರು. ಹತ್ತಕ್ಕೆ ಮುಂಚೆಯೇ ಡಾಕ್ಟರ ಬಾಗಿಲಲ್ಲಿದ್ದರು.

"ಡಾಕ್ಟ್ರೇ, ನಾನು ಕಾಪಿ ಹೊಡ್ದಿದ್ದೆ" ಎಂದಳು ಬೀಗದಮ್ಮ ಏದುಸಿರು ಬಿಡುತ್ತಾ.

ಕುರ್ಚಿ, ಕೋಟು, ಯಂತ್ರ, ಎಲ್ಲ ಕೇಳಿದ ಮೇಲೆ ಡಾಕ್ಟರು ಪೆನ್ನು ಕೆಳಗಿಟ್ಟು ಮನಸಾರೆ ನಕ್ಕರು. ಆಮೇಲೆ ಅವರಿಗೂ ಹುರುಪು ಹತ್ತಿತು. ಕೋಟು ಬಿಚ್ಚಿದರು, ಕುರ್ಚಿ ಆಚೆ ತಳ್ಳಿ ನಿಂತರು. ಬೀಗದಮ್ಮನ ಎರಡೂ ಕಿವಿಗೆ ಹತ್ತಿ ತುರುಕಿ, ಫ್ಯಾನನ್ನು ಜೋರಾಗಿ ಹಾಕಿದರು. "ಮುಟ್ಟಿದ್ದು ತಿಳಿದ್ರೆ ಮಾತ್ರ ಹೂಂ ಅನ್ನಿ. ಊಹೆ ಮಾಡಂಗಿಲ್ಲ. ತಿಳೀದಿದ್ರೆ ಸುಮ್ನಿರಿ, ಸುಮ್ನಿರೋದೂ ಉತ್ತರಾನೇ" ಎಂದು ಕೂಗಿ ಹೇಳಿದರು.

ಸುಮ್ಮನಿರುವುದು ಅವಳ ಜನ್ಮದಲ್ಲೇ ಕಷ್ಟದ ಕೆಲಸ. ಕಣ್ಣು ಮುಚ್ಚಿ ಮೂರು ಸಲ ಹೂಂ ಎಂದಳು, ಆಮೇಲೆ ಕತ್ತಲೆಯಲ್ಲಿ ಏನೂ ಬರಲಿಲ್ಲ. ಬಾಯಿ ತುದಿಗೆ ಬಂದ ಊಹೆಯನ್ನು ನುಂಗಿದಳು. ಕೊನೆಗೆ, "ಗೊತ್ತಿಲ್ಲ ಡಾಕ್ಟ್ರೇ, ಏನೂ ಗೊತ್ತಾಗ್ತಿಲ್ಲ" ಎಂದಳು. ಹೇಳಿದ್ದೇ ತಡ, ಕಣ್ಣಲ್ಲಿ ನೀರು ಬಂತು.

ಕಣ್ಣು ಬಿಟ್ಟಾಗ ಎಡಗೈ ಮೇಲೆ ನೀಲಿ ಚುಕ್ಕಿಗಳಿದ್ದವು. ಮುಟ್ಟಿದ್ದು ತಿಳಿಯದ ಕಡೆಯಲ್ಲೆಲ್ಲ ಡಾಕ್ಟರು ಪೆನ್ನಿನಿಂದ ಗುರುತು ಹಾಕಿದ್ದರು. ಕಿರುಬೆರಳು ಪೂರ್ತಿ ನೀಲಿ. ಉಂಗುರ ಬೆರಳಿನಲ್ಲಿ ಕಿರುಬೆರಳಿನ ಕಡೆಯ ಅರ್ಧ ಮಾತ್ರ ನೀಲಿ, ಆಚೆ ಅರ್ಧ ಶುಭ್ರ. ನಟ್ಟನಡುವೆ ಸ್ಕೇಲು ಇಟ್ಟು ಗೆರೆ ಎಳೆದ ಹಾಗಿತ್ತು.

"ನೋಡಿ ಅಮ್ಮಾ" ಎಂದರು ಡಾಕ್ಟರು, ದನಿ ಏರಿತ್ತು. "ಒಂದೇ ಬೆರಳು, ಅರ್ಧ ಜೋಮು, ಅರ್ಧ ಸರಿ. ಎರಡು ಬೇರೆ ಬೇರೆ ನರ ಈ ಬೆರಳನ್ನ ಹಂಚ್ಕೊಂಡಿವೆ. ತೊಂದ್ರೆ ಮೆದುಳಲ್ಲೋ ಕತ್ತಲ್ಲೋ ಇದ್ರೆ ಹೀಗೆ ಸರಿಯಾಗಿ ಅರ್ಧಕ್ಕೆ ನಿಲ್ಲೋದು ತೀರಾ ಅಪರೂಪ. ಈ ಕಡೆ ನರ ಎಲ್ಲಿಂದ ಬರುತ್ತೆ ಗೊತ್ತಾ?" ಎನ್ನುತ್ತಾ ಅವಳ ಮೊಣಕೈಯ ಒಳಬದಿಯ ಗುಣಿಗೆ ಬೆರಳಿನಿಂದ ಟಪ್ಪನೆ ತಟ್ಟಿದರು. ಕಿರುಬೆರಳಿನ ತುದಿಯವರೆಗೆ ಜುಮ್ಮೆಂದು ಮಿಂಚು ಹರಿಯಿತು. ಬೀಗದಮ್ಮ ಕೂತಲ್ಲೇ ಹಾರಿದಳು.

"ಕೆಲ್ಸ ಮಾಡೋವಾಗ ಈ ಮೊಣಕೈ ಎಲ್ಲಿರುತ್ತೆ?"

"ಮೇಜಿನ ಮೇಲೆ."

"ಎಷ್ಟು ಹೊತ್ತು?"

"ಇಪ್ಪತ್ತೆಂಟು ವರ್ಷ" ಎಂದಳು ನಾದಿನಿ ಹಿಂದಿನಿಂದ.

ಡಾಕ್ಟರು ಚೀಟಿ ತೆಗೆದುಕೊಂಡು ಬೆನ್ನಿನ ಸೂಜಿಗೆ ಅಡ್ಡ ಗೆರೆ ಎಳೆದರು, ಎರಡು ಸ್ಕ್ಯಾನುಗಳಿಗೂ ಎಳೆದರು. ಕತ್ತು ನೋವು ಬಗ್ಗಿ ಕೂರುವುದಕ್ಕೇ ಇರಬೇಕು, ಕಾಲು ಜುಮ್ಮನ್ನುವುದಕ್ಕೆ ಸಕ್ಕರೆ, ವಿಟಮಿನ್ನು ನೋಡೋಣ ಎಂದು ರಕ್ತವನ್ನು ಉಳಿಸಿದರು. ಉಳಿದದ್ದು ಕರೆಂಟಿನ ಪರೀಕ್ಷೆ. "ನರಕ್ಕೆ ಎಷ್ಟು ಏಟು ಬಿದ್ದಿದೆ ಅಂತ ಅದೊಂದೇ ಹೇಳೋದು. ಇವತ್ತೇ ಮಾಡಿಸೋಣ್ವಾ?"

"ಈಗ್ಲೇ ಮಾಡಿ" ಎಂದಳು ಬೀಗದಮ್ಮ. ಗಂಡ ಬರುವವರೆಗೂ ಕಾಯಲಿಲ್ಲ.

ಅವನು ಖಾಕಿ ಅಂಗಿಯಲ್ಲೇ ಒಳಗೆ ಬಂದಾಗ ಅವಳ ಕೈಗೆ ತಂತಿಗಳು ಅಂಟಿದ್ದವು, ಮಣಿಕಟ್ಟಿನ ಬಳಿ ಚುರುಕ್ ಎಂದು ಕರೆಂಟು ತಾಗಿ ಕಿರುಬೆರಳು ಕುಣಿಯುತ್ತಿತ್ತು. ಪರದೆಯ ಮೇಲೆ ಒಂದು ಅಲೆ ಎದ್ದು ಮಲಗಿತು. ಮೊಣಕೈಯ ಕೆಳಗೆ ಕೊಟ್ಟರು, ಅಲೆ ಎದ್ದಿತು. ಆಮೇಲೆ ಮೊಣಕೈಯ ಮೇಲ್ಭಾಗಕ್ಕೆ ಬಂದರು. ಅಲ್ಲಿಂದ ಏನೂ ದಾಟಿ ಬಾರದಿದ್ದರೆ ಕೈಯ ಕಥೆ ಮುಗಿದ ಹಾಗೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಂಡ ಅವಳ ಬಲಗೈ ಹಿಡಿದುಕೊಂಡ.

ಅಲೆ ಬಂತು. ತಡವಾಗಿ, ಕುಳ್ಳಗೆ ಬಂತು. ಆದರೂ ಬಂತು.

"ಮೊಣಕೈ ಹತ್ರ ನಿಧಾನ ಆಗಿದೆ. ಆದ್ರೆ ನರಕ್ಕೆ ಜೀವ ಇದೆ" ಎಂದರು ಡಾಕ್ಟರು. "ಮೂರು ತಿಂಗಳು ಮೊಣಕೈ ಊರಂಗಿಲ್ಲ, ಮಡಚಿ ಮಲಗಂಗಿಲ್ಲ, ಬೀಗ ತೆಗೆಯಂಗಿಲ್ಲ. ಆಮೇಲೆ ಮತ್ತೆ ಇದೇ ಪರೀಕ್ಷೆ. ಎಷ್ಟು ವಾಪಸ್ ಬರುತ್ತೆ ಅಂತ ನಾನು ಈಗ ಹೇಳಲಾರೆ." ಬೀಗದಮ್ಮನಿಗೆ 'ಜೀವ ಇದೆ' ಎಂಬುದರ ಮುಂದಿನದು ಅರ್ಧಂಬರ್ಧ ಕೇಳಿಸಿತು. ಗಂಡನಿಗೆ ಅಷ್ಟೂ ಕೇಳಿಸಲಿಲ್ಲ, ಅವನು ಕರ್ಚೀಫು ಹುಡುಕುತ್ತಿದ್ದ.

ಮರುದಿನ ಅಂಗಡಿ ತೆರೆದ ಅರ್ಧ ಗಂಟೆಗೆ ಒಬ್ಬರು ಮೇಷ್ಟ್ರು ಟ್ರಂಕಿನ ಬೀಗ ತಂದರು. ಬೀಗದಮ್ಮನ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು, ನಿಂತಿತು. ಮೂರು ತಿಂಗಳು ಎಂಬ ಮಾತು ಈಗ ಪೂರ್ತಿ ಕೇಳಿಸಿತು. ಡಬ್ಬಿಯಿಂದ ಬಾಗಿದ ಕಡ್ಡಿ ತೆಗೆದು ನಾದಿನಿಯ ಕೈಗಿಟ್ಟಳು.

"ನಾನಾ?" ಎಂದಳು ನಾದಿನಿ. ಅವಳ ಕಿವಿಯ ತುದಿ ಕೆಂಪಾಯಿತು.

"ಮೊಣಕೈ ಊರ್ಬೇಡ. ಹಿಡ್ಕೋ."

ನಾದಿನಿ ಮೊಣಕೈ ಎತ್ತಿ ಬೀಗ ಹಿಡಿದಳು. ಒಂದು ಪಿನ್ನು ಕೂತಿತು, ಎರಡನೆಯದೂ ಕೂತಿತು. ಮೂರನೆಯದಕ್ಕೆ ಅವಳು ತಡೆದು ನಿಂತಳು. "ಇದು ಕೂತ್ಕೊಂತಾ ಅತ್ತಿಗೆ?"

ಕೂತಿಲ್ಲ ಎಂದು ಬೀಗದಮ್ಮನ ಕಿವಿಗೆ ಸ್ಪಷ್ಟವಾಗಿ ತಿಳಿದಿತ್ತು. ಬೀಗ ಕಸಿದುಕೊಳ್ಳಬೇಕೆಂದು ಮೈಯೆಲ್ಲ ತುಡಿಯಿತು. ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು.

"ನನ್ನ ಕೇಳ್ಬೇಡ. ನಿನ್ನ ಕಿರುಬೆರಳು ಏನನ್ನುತ್ತೆ?"

ನಾದಿನಿ ಕಣ್ಣು ಮುಚ್ಚಿದಳು. ಮೇಷ್ಟ್ರೂ ಉಸಿರು ಬಿಗಿಹಿಡಿದರು.

"ಇನ್ನೂ ಇಲ್ಲ ಅನ್ನುತ್ತೆ."

ಬೀಗದಮ್ಮನಿಗೆ ಪರದೆಯಲ್ಲಿ ಅಲೆ ಕಂಡಾಗ ಆದಷ್ಟೇ ಸಂತೋಷವಾಯಿತು, ಎದ್ದು ನಿಂತೇಬಿಟ್ಟಳು.

"ಹಾಗಾದ್ರೆ ಇನ್ನೊಂಚೂರು ಎತ್ತು" ಎಂದಳು.