ನಾನು ಭೂಮಿಯಾಗಿದ್ದ ಬೆಳಗು

ಭೂಮಿ ತಿರುಗುತ್ತದೆ ಎಂಬುದನ್ನು ನಾನು ಪುಸ್ತಕ ಓದಿ ನಂಬಿದವನಲ್ಲ. ಒಂದು ಬೆಳಗ್ಗೆ ಸ್ವಲ್ಪ ಹೊತ್ತು ನಾನೇ ಭೂಮಿಯಾಗಿದ್ದೆ. ಈ ಅನುಭವ ನಿಮಗೆ ಇರಲಿಕ್ಕಿಲ್ಲವಾದ್ದರಿಂದ ಇದ್ದದ್ದನ್ನು ಇದ್ದ ಹಾಗೆ, ನಿಧಾನವಾಗಿ ಹೇಳುತ್ತೇನೆ. ನಡುವೆ ಎಲ್ಲಾದರೂ ಮಾತು ತೂಗಾಡಿದರೆ ಅದು ಉತ್ಪ್ರೇಕ್ಷೆಯಲ್ಲ. ಅಂದು ಹತ್ತಿದ ತಲೆಸುತ್ತು ಪೂರ್ತಿ ಇಳಿದಿಲ್ಲ, ಅಷ್ಟೇ.

ನಿಜಾಮರ ಆಳ್ವಿಕೆ, ದೂರದಲ್ಲಿ ಮಹಾಯುದ್ಧ. ನಾನು ಕುಕನೂರಿನ ಒಂದು ಶಾಲೆಯಲ್ಲಿ ಹಂಗಾಮಿ ಮಾಸ್ತರ. ಯಲಬುರ್ಗಾದ ಕುಲಕರ್ಣಿಯವರ ಮಗಳು ಸುಶೀಲೆಯನ್ನು ನನಗೆ ಕೊಡುವ ಮಾತಾಗಿತ್ತು. ಆದರೆ ಕುಲಕರ್ಣಿಯವರು ಅಕ್ಷತೆಯನ್ನು ಮುಷ್ಟಿಯಲ್ಲೇ ಹಿಡಿದು ಕುಳಿತಿದ್ದರು. "ನೌಕರಿ ಮೊದಲ ಖಾಯಂ ಆಗಲಿ. ಹಂಗಾಮಿ ಮಾಸ್ತರಗ ಮಗಳನ್ನೂ ಹಂಗಾಮಿ ಕೊಡಲಿಕ್ಕೆ ಬರ್ತದೇನು?" ಎಂದಿದ್ದರು. ಖಾಯಂ ಆಗಬೇಕಾದರೆ ಶಾಲಾ ತಪಾಸಣೆಯ ಸಾಹೇಬರು ನನ್ನ ಪಾಠ ನೋಡಿ ಹೂಂ ಅನ್ನಬೇಕಿತ್ತು.

ಸಾಹೇಬರು ಬಂದರು. ಅದೇ ದಿನ ಸಂತೆಗೆ ಬಂದಿದ್ದ ಕುಲಕರ್ಣಿಯವರೂ ಸುದ್ದಿ ತಿಳಿದು ಬಂದು ಪಡಸಾಲೆಯ ಕಟ್ಟೆಯ ಮೇಲೆ ಕುಳಿತರು. ನನ್ನ ನೌಕರಿಯೂ ನನ್ನ ಸಂಸಾರವೂ ಹತ್ತು ಮಾರು ಅಂತರದಲ್ಲಿ ಕುಳಿತು ನನ್ನನ್ನು ನೋಡುತ್ತಿದ್ದವು.

ಪಾಠ ಸೂರ್ಯ, ಭೂಮಿ, ಚಂದ್ರರದು. ನಾನು ಹಲಗೆಯ ಮೇಲೆ ಮೂರು ಸುಂದರವಾದ ವೃತ್ತ ಬರೆದೆ. ಸಾಹೇಬರು ಕಲಬುರ್ಗಿ ಕಡೆಯವರು, ಕನ್ನಡ ಚೆನ್ನಾಗಿ ಬಲ್ಲವರು.

"ಈ ಭೂಮಿ ನಿಂತೇ ಅದಲ್ಲ, ಮಾಸ್ತರ. ತಿರುಗಿಸಿ ತೋರಸ್ರಿ," ಎಂದರು.

ದೀಪ ಹಚ್ಚಿ ಸೂರ್ಯನೆಂದು ತೋರಿಸೋಣವೆಂದರೆ ಯುದ್ಧದ ದೆಸೆಯಿಂದ ಊರಲ್ಲಿ ಸೀಮೆಎಣ್ಣೆ ಇರಲಿಲ್ಲ. ಸಾಹೇಬರು ಬಿಸಿಲು ಬಿದ್ದ ಅಂಗಳದ ನಡುವೆ ಕುರ್ಚಿ ಹಾಕಿಸಿ ಕುಳಿತು, "ನಾನೇ ಸೂರ್ಯ. ನಡೀಲಿ," ಎಂದರು. ನಾನು ಭೂಮಿಯಾದೆ. ಶಾಲೆಯ ಜವಾನ ಬಸಪ್ಪ, ಹೊಟ್ಟೆ ತುಸು ಮುಂದಿದ್ದ ಶಾಂತ ಮನುಷ್ಯ, ಚಂದ್ರನಾದ. ನನ್ನ ಕೋಟಿನ ಹೊಟ್ಟೆಯ ಮೇಲೆ ಸೀಮೆಸುಣ್ಣದಿಂದ ಒಂದು ಚುಕ್ಕೆ ಇಟ್ಟು ಇದು ಕುಕನೂರು ಎಂದು ಹುಡುಗರಿಗೆ ಹೇಳಿದೆ. ನನ್ನ ತಲೆ ಉತ್ತರ, ಎಡಗೈ ಪೂರ್ವ, ಬಲಗೈ ಪಶ್ಚಿಮ. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

ನಾನು ಹೊರಟೆ. ಸಂಧ್ಯಾವಂದನೆಯಲ್ಲಿ ನಿಂತಲ್ಲೇ ಸುತ್ತುವ ಹಾಗೆ ಬಲಕ್ಕೆ ತಿರುಗುತ್ತ, ಗುಡಿಯಲ್ಲಿ ಸುತ್ತುವ ಹಾಗೆ ಸಾಹೇಬರನ್ನು ಬಲಕ್ಕಿಟ್ಟುಕೊಂಡು ಸುತ್ತಿದೆ. ಇದನ್ನು ನಾನು ಯೋಚಿಸಿ ಮಾಡಿದ್ದಲ್ಲ. ನಮ್ಮ ಕಾಲಿಗೆ ಬೇರೆ ದಾರಿ ಗೊತ್ತಿಲ್ಲ. ಆರತಿ ಎತ್ತುವ ಕೈ ಬಲಕ್ಕೆ ಹೋಗುತ್ತದೆ, ಹೊಸಿಲು ದಾಟುವ ಕಾಲು ಬಲಗಾಲಾಗಿರುತ್ತದೆ. ಎದುರಿಗೆ ಸಾಕ್ಷಾತ್ ಸೂರ್ಯನಾರಾಯಣನಿದ್ದು, ಅವನ ಕೈಯಲ್ಲಿ ನನ್ನ ನೌಕರಿಯೂ ಇರುವಾಗ, ಎಡಕ್ಕೆ ಹೋಗುವುದು ಯಾರ ತಲೆಗೆ ಹೊಳೆದೀತು? ಕಟ್ಟೆಯ ಮೇಲೆ ಕುಲಕರ್ಣಿಯವರು ಮೆಚ್ಚಿ ತಲೆದೂಗುತ್ತಿದ್ದುದು ಪ್ರತಿ ಸುತ್ತಿಗೂ ಒಮ್ಮೆ ಕಾಣುತ್ತಿತ್ತು.

ಸಾಹೇಬರು ಕೈ ಎತ್ತಿ ನಿಲ್ಲಿಸಿದರು. "ಮಾಸ್ತರ, ಈಗ ನಿಮ್ಮ ಕುಕನೂರಿಗೆ ನಾ ಯಾವ ಕಡೆಯಿಂದ ಕಾಣಿಸಿದೆ?"

ಹೊಟ್ಟೆಯ ಮೇಲಿನ ಚುಕ್ಕೆಯನ್ನು ನೋಡಿಕೊಂಡು ಇನ್ನೊಮ್ಮೆ ಮೆಲ್ಲಗೆ ತಿರುಗಿದೆ. ಸೂರ್ಯ ನನ್ನ ಬಲಗೈಯ ಕಡೆಯಿಂದ ಮೂಡಿದ.

"ಪಶ್ಚಿಮದಿಂದ, ಸಾಹೇಬ್ರ."

"ನಾ ದಿನಾಲೂ ಹಂಗ ಬರ್ತೀನೇನು?"

ಹುಡುಗರು ಕಿಸಕ್ಕೆಂದರು. ನನಗೆ ಅರ್ಥವಾಯಿತು. ಖರೆಯ ಭೂಮಿ ಎಡಕ್ಕೆ ತಿರುಗುತ್ತದೆ, ಸೂರ್ಯನನ್ನು ಎಡಕ್ಕಿಟ್ಟುಕೊಂಡು ಸುತ್ತುತ್ತದೆ. ನಾವು ಹುಟ್ಟಿದಾಗಿನಿಂದ ಇಂಥ ಭೂಮಿಯ ಮೇಲೆ ಮಡಿಯಲ್ಲಿ ಕುಳಿತಿದ್ದೇವೆ. ನಾನು ಎಡಕ್ಕೆ ಒಂದು ಹೆಜ್ಜೆ ಇಟ್ಟೆನೋ ಇಲ್ಲವೋ, ಕಟ್ಟೆಯಿಂದ ಕುಲಕರ್ಣಿಯವರು ಎದ್ದು ನಿಂತರು.

"ಮಾಸ್ತರ್ರ, ಎಡಕ್ಕ ಸುತ್ತೂದು ಸುಡುಗಾಡಿನ್ಯಾಗ. ಕುರ್ಚಿ ಮ್ಯಾಲ ಕೂತಾವ್ರು ಇನ್ನೂ ಜೀವಂತ ಇದ್ದಾರ."

ನಾನು ಒಂದು ಕಾಲು ಎತ್ತಿದವನು ಎತ್ತಿದಂತೆಯೇ ನಿಂತೆ. ಬಲಕ್ಕೆ ಹೋದರೆ ನೌಕರಿ ಹೋಗುತ್ತದೆ, ಎಡಕ್ಕೆ ಹೋದರೆ ಸುಶೀಲೆ ಹೋಗುತ್ತಾಳೆ. ಭೂಮಿ ನಿಂತುಬಿಟ್ಟರೆ ಪ್ರಳಯವಾಗುತ್ತದೆ ಎನ್ನುತ್ತಾರೆ. ಅದೂ ಒಳ್ಳೆಯದೇ ಎನಿಸಿತು.

"ನಿಂತೀರಲ್ರಿ ಮತ್ತ?" ಎಂದು ಬಸಪ್ಪ ಏದುಸಿರು ಬಿಟ್ಟ. "ನಿಲ್ಲೂದಿದ್ರ ಹೇಳ್ರಿ, ಚಂದ್ರಾಮ ಒಂದೀಟು ಕುಂಡರತಾನ."

ಸಾಹೇಬರಿಗೆ ನಗು ಬಂದಿತು. "ಕುಲಕರ್ಣಿಯವರ, ನಮ್ಮ ಅಬ್ಬಾ ಹಜ್ ಮಾಡಿ ಬಂದಾರ. ಅಲ್ಲಿ ಕಾಬಾ ಸುತ್ತೂದು ಎಡಕ್ಕನ. ನನಗ ಇದರಾಗ ಅಪಶಕುನ ಇಲ್ಲ, ಇಜ್ಜತ್ ಅದ. ಸುತ್ತಲಿ ಬಿಡ್ರಿ."

ಕುಲಕರ್ಣಿಯವರು ಬಹಳ ಹೊತ್ತು ಯೋಚಿಸಿದರು. ನನ್ನ ಇನ್ನೊಂದು ಕಾಲು ನಡುಗತೊಡಗಿತು. ಕೊನೆಗೆ ಅವರು, "ನಾ ಗೋಡಿ ಕಡೆ ಮಾರಿ ಮಾಡ್ತೀನಿ. ನೋಡ್ಲಿಲ್ಲಂದ್ರ ದೋಷ ಇಲ್ಲ," ಎಂದು ತಿರುಗಿ ಕುಳಿತರು. ಧರ್ಮವೂ ಉಳಿಯಿತು, ಖಗೋಳವೂ ಉಳಿಯಿತು.

ನಾನು ಎಡಕ್ಕೆ ಹೊರಟೆ. ಹೋದ ಜೀವ ಮರಳಿ ಬಂದ ಹಾಗಿತ್ತು. ಕೋಟು ಕೊಡೆಯಂತೆ ಅರಳಿತು. ಸೂರ್ಯ ಎಡಗೈಯಿಂದ ಮೂಡಿದ, ಬಲಗೈಯಲ್ಲಿ ಮುಳುಗಿದ, ಮತ್ತೆ ಮೂಡಿದ. ಕುಕನೂರಿಗೆ ಬೆಳಗಾಯಿತು, ರಾತ್ರಿಯಾಯಿತು, ಬೆಳಗಾಯಿತು. ಬಸಪ್ಪ ನನಗೆ ಮುಖ ತೋರಿಸಿಕೊಂಡೇ ಅಡ್ಡಡ್ಡ ಓಡುತ್ತಿದ್ದ. "ಮಾಸ್ತರ, ನಿಂತಾವ್ರನ್ನ ಸುತ್ತಬಹುದು. ಓಡಾವ್ರನ್ನ ಹೆಂಗ್ರಿ ಸುತ್ತೂದು?" ಎಂದು ಆತ ಕೇಳಿದ್ದು ಒಂದು ರಾತ್ರಿ ಅರ್ಧ, ಒಂದು ಹಗಲು ಅರ್ಧ ಕೇಳಿಸಿತು. ಬೇವಿನ ಮರ, ಪಡಸಾಲೆ, ಹುಡುಗರ ಬಿಳಿ ಹಲ್ಲು, ಗೋಡೆಗೆ ಮುಖ ಮಾಡಿದ ಕುಲಕರ್ಣಿಯವರ ಬೆನ್ನು ಎಲ್ಲ ಒಂದೇ ಗೆರೆಯಾದವು. ಒಂದು ಸುತ್ತಿನಲ್ಲಿ ಆ ಬೆನ್ನಿದ್ದ ಜಾಗದಲ್ಲಿ ಮುಖ ಕಂಡಿತು. ಅವರು ತಡೆಯಲಾರದೆ ತಿರುಗಿ ನೋಡುತ್ತಿದ್ದರು. ನಗುತ್ತಲೂ ಇದ್ದರು.

ಅದನ್ನು ನೋಡಿ ನಾನು ದಾರಿ ತಪ್ಪಿದೆ. ಭೂಮಿ ಸೂರ್ಯನ ಮೊಣಕಾಲ ಮೇಲೆ ಬಿದ್ದಿತು. ಚಂದ್ರ ಭೂಮಿಯ ಮೇಲೆ ಬಿದ್ದ. ಕುರ್ಚಿ ಒಮ್ಮೆ ಓಲಾಡಿ ನಿಂತಿತು. ಸಾಹೇಬರು ಶೇರವಾನಿಯ ಧೂಳು ಕೊಡವಿಕೊಂಡು ನನ್ನನ್ನು ಬಗ್ಗಿ ನೋಡಿದರು.

"ಖರೇ ಭೂಮಿ ಹಿಂಗ್ಯಾಕ ಬೀಳೂದಿಲ್ಲ, ಮಾಸ್ತರ?"

ಬಿದ್ದಲ್ಲಿಂದಲೇ, "ಅದಕ್ಕ ಮಾವನ್ನ ನೋಡೂ ಕೆಲಸ ಇಲ್ರಿ," ಎಂದುಬಿಟ್ಟೆ. ತಲೆ ತಿರುಗುತ್ತಿರುವಾಗ ಮನುಷ್ಯ ನಿಜ ಹೇಳುತ್ತಾನೆ.

ಸಾಹೇಬರು ಕಟ್ಟೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು, ಎಲ್ಲ ಅರ್ಥವಾದವರಂತೆ ಗಡ್ಡ ನೀವಿಕೊಂಡರು. ಆಮೇಲೆ ಹುಡುಗರನ್ನೆಲ್ಲ ಅಂಗಳಕ್ಕೆ ಕರೆದು, ಭೂಮಿ ತಿರುಗಲಿ ಎಂದರು. ಒಬ್ಬನೂ ಬಲಕ್ಕೆ ತಿರುಗಲಿಲ್ಲ. ಅಂಗಳದ ತುಂಬ ಭೂಮಿಗಳು ಎಡಕ್ಕೆ ಗಿರಗಿರನೆ ತಿರುಗಿ, ಕೇಕೆ ಹಾಕಿ, ಒಂದರ ಮೇಲೊಂದು ಬಿದ್ದವು. "ಪಾಠ ಮೈಗೆ ಹತ್ತೇದ. ಖಾಯಂ ಮಾಡಾಕ ಹೇಳತೀನಿ," ಎಂದು ಸಾಹೇಬರು ಎದ್ದರು.

ಕುಲಕರ್ಣಿಯವರು ಅಕ್ಷತೆಯ ಮುಷ್ಟಿ ಬಿಚ್ಚಿದರು. ಆದರೂ ಅವರಿಗೆ ನನ್ನ ಕಾಲಿನ ಮೇಲೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಮದುವೆಯ ದಿನ ನಾನು ಸುಶೀಲೆಯ ಕೈ ಹಿಡಿದು ಹೋಮದ ಸುತ್ತ ಬಲಕ್ಕೆ ಹೆಜ್ಜೆ ಹಾಕುವಾಗ ಅವರು ಮುಂದೆಯೇ ಕುಳಿತು ನನ್ನ ಪಾದಗಳನ್ನೇ ನೋಡುತ್ತಿದ್ದರು. ನಾನು ಬಹಳ ಎಚ್ಚರದಿಂದ ನಡೆದೆ. ಆಗಲೇ ನನಗೆ ಹೊಳೆದದ್ದು: ನಾವಿಬ್ಬರೂ ಬಲಕ್ಕೆ ಹೋಗುತ್ತಿದ್ದೇವೆ ನಿಜ, ಆದರೆ ಈ ಹೋಮ, ಈ ಚಪ್ಪರ, ಮಂತ್ರ ಹೇಳುವ ಭಟ್ಟರು, ಇಡೀ ಯಲಬುರ್ಗಾ ಸೂರ್ಯನನ್ನು ಎಡಕ್ಕಿಟ್ಟುಕೊಂಡು ಹೊರಟಿವೆ. ಸೂರ್ಯ ಇದುವರೆಗೆ ಎರಡಕ್ಕೂ ಬೇಸರಿಸಿದ್ದು ಕಾಣೆ. ನನಗೆ ನಗು ತಡೆಯಲಾಗಲಿಲ್ಲ.

"ಯಾಕ ನಗಲಿಕ್ಕೆ ಹತ್ತೀರಿ? ಅಪ್ಪ ನೋಡ್ಲಿಕ್ಕೆ ಹತ್ಯಾನ," ಎಂದು ಸುಶೀಲೆ ಪಿಸುಗುಟ್ಟಿದಳು. ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

ಹೊಗೆಯ ಮರೆಯಲ್ಲಿ ನಾನು ವಿಷಯ ಹೇಳಿದೆ. ಭೂಮಿಯ ಮೇಲೆ ಕೂತಲ್ಲೇ ಕೂತಿದ್ದರೂ ನಿಮ್ಮಪ್ಪನೂ ಈಗ ಎಡಕ್ಕೇ ಹೊರಟಿದ್ದಾರೆ ಎಂದೆ.

ಅವಳು ತಂದೆಯ ಕಡೆ ಓರೆಗಣ್ಣಿನಿಂದ ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅವಗ ಹೇಳಬ್ಯಾಡ್ರಿ," ಎಂದಳು. "ಇಳದುಬಿಡ್ತಾನ."