ಹನ್ನೆರಡು ಸುರುಳಿ ಬಿಸ್ಕೀಟಿಗೆ ಎಷ್ಟು ಅಂಕ?

೧೯೬೨ರಲ್ಲಿ ನಾನು ಬಿಜಾಪುರದ ಒಂದು ಮಹಿಳಾ ತರಬೇತಿ ಕೇಂದ್ರದಲ್ಲಿ ಗೃಹವಿಜ್ಞಾನದ ಶಿಕ್ಷಕಿಯಾಗಿದ್ದೆ. ಸುತ್ತಲಿನ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳಿಗೆ ಒಂದು ವರ್ಷ ಅಡುಗೆ, ಹೊಲಿಗೆ, ಮಕ್ಕಳ ಆರೈಕೆ ಕಲಿಸಿ, ಪಾಸಾದವರನ್ನು ಮಹಿಳಾ ಮಂಡಲಗಳಿಗೆ ಶಿಕ್ಷಕಿಯರನ್ನಾಗಿ ಕಳಿಸುವುದು ನಮ್ಮ ಕೆಲಸ. ಅಡುಗೆಯ ಪ್ರಾಕ್ಟಿಕಲ್ ಪರೀಕ್ಷೆಗೆ ನಲವತ್ತು ಅಂಕ. ಪಾಸಾಗಲು ಹದಿನಾರು ಬೇಕು. ಹೊರಗಿನಿಂದ ಬರುವ ಪರೀಕ್ಷಕಿ, ಒಳಗಿನ ಪರೀಕ್ಷಕಿಯಾದ ನಾನು, ಇಬ್ಬರೂ ಅಂಕಪಟ್ಟಿಗೆ ಸಹಿ ಮಾಡಬೇಕು.

ಆ ವರ್ಷದ ಎಂಟು ಜನರಲ್ಲಿ ಘೋಣಸಗಿಯ ಸಂಗವ್ವ ಎಲ್ಲರಿಗಿಂತ ದೊಡ್ಡವಳು, ಮೂವತ್ತರ ಆಸುಪಾಸು. ಗಂಡ ಬಿಟ್ಟುಹೋದ ಮೇಲೆ ಅಣ್ಣನ ಮನೆಯಲ್ಲಿದ್ದಳು. ಓದಲು ಅಣ್ಣ ಒಂದೇ ವರ್ಷ ಕೊಟ್ಟಿದ್ದ. ಪಾಸಾಗದಿದ್ದರೆ ಅವನೇ ಗೊತ್ತುಮಾಡಿದ್ದ ವಿಧುರನೊಬ್ಬನ ಜತೆ ಮತ್ತೆ ಮದುವೆ. ಆ ಮನುಷ್ಯನನ್ನು ಸಂಗವ್ವ ಒಮ್ಮೆ ನೋಡಿದ್ದಳು. ಇನ್ನೊಮ್ಮೆ ನೋಡುವ ಮನಸ್ಸು ಅವಳಿಗಿರಲಿಲ್ಲ.

ಮಾರ್ಚ್ ತಿಂಗಳು. ಸಾಮಾನು ಹೊಂದಿಸಿಕೊಳ್ಳಲೆಂದು ಪರೀಕ್ಷೆಯ ಹಿಂದಿನ ದಿನ ಬೆಳಗ್ಗೆಯೇ ಚೀಟಿ ಎತ್ತಿಸುವ ಪದ್ಧತಿಯಿತ್ತು. ಹೊರಗಿನ ಪರೀಕ್ಷಕಿ ಬರೆದ ಚೀಟಿಗಳು ಮುಚ್ಚಿದ ಲಕೋಟೆಯಲ್ಲಿ ಟಪಾಲಿನ ಮೂಲಕ ಬಂದಿದ್ದವು. ಒಬ್ಬಳಿಗೆ ಹೂರಣದ ಹೋಳಿಗೆ ಬಂತು, ಇನ್ನೊಬ್ಬಳಿಗೆ ರೋಗಿಯ ಗಂಜಿ. ಸಂಗವ್ವನ ಚೀಟಿ ಇಂಗ್ಲಿಷಿನಲ್ಲಿತ್ತು. ನಾನೇ ಓದಿದೆ: ಬ್ರ್ಯಾಂಡಿ ಸ್ನ್ಯಾಪ್ಸ್, ಸುರುಳಿ ಸುತ್ತಿ ಒಳಗೆ ಕಡೆದ ಕೆನೆ ತುಂಬಿದ್ದು, ಹನ್ನೆರಡು.

ಆ ಹೆಸರನ್ನು ನಾನು ಅದೇ ಮೊದಲು ಕೇಳಿದ್ದು.

“ಬ್ರ್ಯಾಂಡಿ ಅಂದ್ರ ದಾರೂ ಅಲ್ಲೇನ್ರಿ, ಅಕ್ಕಾರ?” ಎಂದಳು ಸಂಗವ್ವ. ಆಗ ನಮ್ಮ ಜಿಲ್ಲೆಯಲ್ಲಿ ಪಾನನಿಷೇಧವಿತ್ತು. ಸರಕಾರದ ಪರೀಕ್ಷೆಯಲ್ಲಿ ಸರಕಾರವೇ ಬೇಡವೆಂದ ಪದಾರ್ಥ ಹೇಗೆ ಬಂತು ಎಂಬುದು ನನಗೂ ತಿಳಿಯಲಿಲ್ಲ. “ನೋಡೋಣ” ಎಂದು ಹೇಳಿ ಕಪಾಟಿನಲ್ಲಿದ್ದ ಹಳೆಯ ಇಂಗ್ಲಿಷ್ ಪಾಕಪುಸ್ತಕ ತೆಗೆದೆ. ಅದರಲ್ಲಿ ಆ ತಿನಿಸು ಇತ್ತು, ಚಿತ್ರ ಇರಲಿಲ್ಲ. ಬೆಣ್ಣೆ, ಸಕ್ಕರೆ, ಗೋಲ್ಡನ್ ಸಿರಪ್ ಎಂಬ ಸಕ್ಕರೆ ಪಾಕ, ಮೈದಾ ತಲಾ ನಾಲ್ಕು ಔನ್ಸ್. ಶುಂಠಿ ಪುಡಿ, ನಿಂಬೆರಸ. ಬ್ರ್ಯಾಂಡಿ ‘ಬೇಕಿದ್ದರೆ’ ಒಂದು ಚಮಚ. ಹೆಸರಿನಲ್ಲೇ ಇರುವ ವಸ್ತು ಬೇಕಿದ್ದರೆ ಮಾತ್ರ ಏಕೆ? ಬೆಂದಾಗ ಲೇಸಿನಂತೆ ಕಾಣಬೇಕು ಎಂದೂ ಬರೆದಿತ್ತು. ಸೀರೆಯ ಅಂಚಿಗೆ ಹಚ್ಚುವ ಲೇಸಿಗೂ ಬಿಸ್ಕೀಟಿಗೂ ಏನು ಸಂಬಂಧ ಎಂದು ನಾನು ಯೋಚಿಸುತ್ತ ನಿಂತೆ.

ಪರೀಕ್ಷೆಯ ಪದಾರ್ಥದ ಬಗ್ಗೆ ಶಿಕ್ಷಕಿ ನೆರವು ನೀಡಕೂಡದು ಎಂಬುದು ನಿಯಮ. ಆದರೆ ಉಳಿದ ಏಳು ಜನರ ಚೀಟಿಗಳು ಕನ್ನಡದಲ್ಲಿದ್ದವು. ಏಳನೆಯ ಇಯತ್ತೆ ಕಲಿತ ಸಂಗವ್ವನಿಗೆ ಆ ಪುಟವನ್ನು ಕನ್ನಡಿಸಿ ಕೊಡುವುದು ನೆರವೋ ನ್ಯಾಯವೋ ಎಂದು ಅರ್ಧ ತಾಸು ಒದ್ದಾಡಿ, ಕೊನೆಗೆ ಬರೆದುಕೊಟ್ಟೆ.

ಗೋಲ್ಡನ್ ಸಿರಪ್ಪಿನ ಬದಲು ಅವಳು ಕಾಕಂಬಿ ತಂದಳು. ಬೆಲ್ಲ ಗಟ್ಟಿಯಾಗುವ ಮೊದಲಿನ ಪಾಕ ಅದು. ಭೂತನಾಳದಿಂದ ಹಾಲು ತರುವವಳ ಹತ್ತಿರ ಎಮ್ಮೆಯ ಕೆನೆ ಹೇಳಿಟ್ಟಳು. ಸೀಮೆಎಣ್ಣೆ ಸ್ಟೋವಿನ ಮೇಲಿಡುವ ನಮ್ಮ ತಗಡಿನ ಓವನ್ನಿನಲ್ಲಿ ಅಂದೇ ಮಧ್ಯಾಹ್ನ ಪ್ರಯೋಗ ಮಾಡಿದಳು. ಮೊದಲ ಸಲ ಹಿಟ್ಟಿನ ತೊಟ್ಟುಗಳೆಲ್ಲ ಹರಿದು ಒಂದೇ ಹಾಳೆಯಾದವು. ಎರಡನೆಯ ಸಲ ದೂರದೂರ ಹಾಕಿದಳು. ಚೆನ್ನಾಗಿ ಹರಡಿ ಕೆಂಪಗಾದವು. ಆದರೆ ಆರಿದ ಮೇಲೆ ಸುತ್ತಲು ಹೋದರೆ ಹಪ್ಪಳದಂತೆ ಮುರಿದವು.

ನಾನು ನಿಘಂಟು ನೋಡಿದೆ. ಸ್ನ್ಯಾಪ್ ಎಂದರೆ ತಟ್ಟನೆ ಮುರಿಯುವುದು ಎಂದಿತ್ತು. “ಸಂಗವ್ವ, ಮುರಿಯೋದ ಅದರ ಗುಣ ಇರಬೇಕು, ಬಿಡು” ಎಂದೆ.

ಅವಳು ಚೂರುಗಳನ್ನು ಒಟ್ಟುಮಾಡಿದಳು. “ಮುರಿಯೂದಿದ್ರ ಸುತ್ತಂತ ಯಾಕ ಬರೀತಿದ್ರು, ಅಕ್ಕಾರ?” ಎಂದಳು. ಮೂರನೆಯ ತಟ್ಟೆ ಒಳಗಿಟ್ಟು, ಹೊರತೆಗೆದ ಮೇಲೆ ಎಷ್ಟು ಎಣಿಸಿದರೆ ಸುತ್ತಲು ಬರುತ್ತದೆಂದು ನೋಡತೊಡಗಿದಳು.

ಮರುದಿನ ಪರೀಕ್ಷಕಿ ರೈಲಿನಲ್ಲಿ ಬಂದರು. ಐವತ್ತರ ಮೇಲಿನ ಗಂಭೀರ ಹೆಂಗಸು. ಸಂಗವ್ವ ಓವನ್ನಿನಿಂದ ತಟ್ಟೆ ತೆಗೆದು, ಮನಸ್ಸಿನಲ್ಲೇ ಮೂವತ್ತರವರೆಗೆ ಎಣಿಸಿ, ಹೊಗೆಯಾಡುತ್ತಿದ್ದ ಬಿಸ್ಕೀಟನ್ನು ಬರಿಗೈಯಲ್ಲಿ ಎತ್ತಿ ಕಟ್ಟಿಗೆಯ ಸೌಟಿನ ಹಿಡಿಗೆ ಸುತ್ತಿದಳು. ನಾನಾಗಿದ್ದರೆ ಕೈಬಿಡುತ್ತಿದ್ದೆ. ಹಂಚಿನ ಮೇಲಿನ ಜೋಳದ ರೊಟ್ಟಿ ಮಗುಚಿದ ಬೆರಳುಗಳು ಅವು. ಕೊನೆಯ ಎರಡು ಗಟ್ಟಿಯಾಗತೊಡಗಿದಾಗ ತಟ್ಟೆಯನ್ನು ಮತ್ತೆ ಒಳಗಿಟ್ಟು ಮೆತ್ತಗೆ ಮಾಡಿಕೊಂಡಳು. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ಕನ್ನಡಿಸಿದ ಪುಟದಲ್ಲೂ ಇರಲಿಲ್ಲ. ಕೆನೆಯ ಪಾತ್ರೆಯನ್ನು ಬರ್ಫದ ಗಡ್ಡೆಯ ಮೇಲಿಟ್ಟು ಕಡೆದಳು. ಬೆಣ್ಣೆ ಬರುವ ಮುಂಚೆ ಸಪ್ಪಳ ಬದಲಾಗುತ್ತದಂತೆ. ಕಿವಿಗೊಟ್ಟು ಕೇಳಿ ಸರಿಯಾಗಿ ಅಲ್ಲಿಗೆ ನಿಲ್ಲಿಸಿದಳು. ಕಂದು ಬಣ್ಣದ ಹನ್ನೆರಡು ಸುರುಳಿಗಳು, ಎರಡೂ ತುದಿಯಲ್ಲಿ ಬಿಳಿಯ ಕೆನೆ.

ಪರೀಕ್ಷಕಿ ಒಂದನ್ನು ತಿರುಗಿಸಿ ನೋಡಿ, ತಿನ್ನದೆಯೇ ಹದಿನಾಲ್ಕು ಎಂದು ಬರೆದರು.

ನಾನು ಸಂಗವ್ವನನ್ನು ಹೊರಗೆ ಕಳಿಸಿ ಕಾರಣ ಕೇಳಿದೆ. “ಮೈತುಂಬ ತೂತು ಬಿದ್ದಾವ. ಬ್ರ್ಯಾಂಡಿನೂ ಹಾಕಿಲ್ಲ” ಎಂದರು. ಅವರ ಸೇವಾವಧಿ ನನ್ನ ವಯಸ್ಸಿನಷ್ಟಿತ್ತು. ತೂತುಗಳೇ ಲೇಸೋ, ಅಥವಾ ನಾನೇ ತಪ್ಪು ಓದಿದ್ದೆನೋ ಎಂಬ ಗೊಂದಲ ನನ್ನನ್ನು ಮತ್ತೆ ಹಿಡಿಯಿತು. ಸಹಿ ಮಾಡಲು ಪೆನ್ನು ತೆರೆದೆ. ತೆರೆದವಳು ಕೇಳಿಬಿಟ್ಟೆ, “ತಾವು ಇದನ್ನ ಎಲ್ಲೆರೆ ತಿಂದೀರೇನ್ರಿ?”

ಅವರು ಕೈಲಿದ್ದ ಸುರುಳಿಯನ್ನು ತಟ್ಟೆಗಿಟ್ಟರು. ಆಮೇಲೆ ಕನ್ನಡಕ ತೆಗೆದು ಒರೆಸಿದರು. “ಇಲ್ರಿ. ಹಳೇ ಪರೀಕ್ಷಾದ ಯಾದಿ ಇತ್ತು. ಅದರಾಗಿಂದ ಇಳಿಸಿಕೊಂಡೆ. ನೀವು?”

“ನಾನೂ ಇಲ್ಲ.”

ಇಬ್ಬರೂ ಒಂದೊಂದು ತಿಂದೆವು. ಕರಕರ ಎಂದಿತು, ಶುಂಠಿಯ ಖಾರ, ತಣ್ಣನೆಯ ಕೆನೆ. ಪುಸ್ತಕದ ಪುಟ ತೆರೆದು ಸಾಲುಸಾಲಾಗಿ ಹೊಂದಿಸಿ ನೋಡಿದೆವು. ಲೇಸಿನಂಥ ತೂತು, ಬೇಕಿದ್ದರೆ ಮಾತ್ರ ಬ್ರ್ಯಾಂಡಿ, ಎಲ್ಲವೂ ಹೊಂದುತ್ತಿತ್ತು. ಪರೀಕ್ಷಕಿ ತಾವೇ ಹದಿನಾಲ್ಕನ್ನು ಹೊಡೆದುಹಾಕಿ ಮೂವತ್ತೊಂದು ಬರೆದರು. ಷರಾ ಕಾಲಮ್ಮಿನಲ್ಲಿ ನಾನು ‘ಈ ಪದಾರ್ಥ ಇಬ್ಬರೂ ಪರೀಕ್ಷಕಿಯರಿಗೆ ಹೊಸದು’ ಎಂದು ಸೇರಿಸಿದೆ. ಅವರು ಅದನ್ನು ಓದಿ, ಕೆಳಗೆ ಸಹಿ ಮಾಡಿದರು.

ಆ ಒಂದು ಸಾಲಿನಿಂದಾಗಿ ಮೇಲಿನ ಕಚೇರಿ ಸಂಗವ್ವನ ಸರ್ಟಿಫಿಕೇಟ್ ತಡೆಹಿಡಿಯಿತು. ಗೊತ್ತಿಲ್ಲದ ಪದಾರ್ಥಕ್ಕೆ ಅಂಕ ಕೊಟ್ಟದ್ದು ಹೇಗೆ ಎಂದು ವಿವರಣೆ ಕೇಳಿತು. ಪ್ರಾಮಾಣಿಕತೆ ತೋರಿಸಲು ಹೋಗಿ ಅವಳ ಬದುಕು ಕೆಡಿಸಿದೆನೇನೋ ಎಂದು ಎರಡು ತಿಂಗಳು ತಳಮಳಿಸಿದೆ. ನಡೆದದ್ದನ್ನೆಲ್ಲ ಇದ್ದಂತೆಯೇ ಬರೆದು ಕಳಿಸಿದೆ. ಪರೀಕ್ಷಕಿಯೂ ತಮ್ಮ ಊರಿನಿಂದ ಬರೆದರು. ಜೂನಿನಲ್ಲಿ ಸರ್ಟಿಫಿಕೇಟ್ ಬಂತು. ಬಬಲೇಶ್ವರದ ಮಹಿಳಾ ಮಂಡಲದಲ್ಲಿ ಸಂಗವ್ವನಿಗೆ ಕೆಲಸವಾಯಿತು. ಅಣ್ಣ ಮದುವೆಯ ಮಾತು ಬಿಟ್ಟ.

ಆದೇಶದ ಕಾಗದ ಒಯ್ಯಲು ಬಂದಾಗ ಅವಳು ಕೇಳಿದಳು, “ಖರೇ ಹೇಳ್ರಿ ಅಕ್ಕಾರ, ಅದು ಹಂಗ ಇರತೈತೇನ್ರಿ?”

“ನನಗ ಗೊತ್ತಿಲ್ಲ ಸಂಗವ್ವ” ಎಂದೆ.

ನಾಲ್ಕು ವರ್ಷದ ಕೆಲಸದಲ್ಲಿ ವಿದ್ಯಾರ್ಥಿನಿಯೊಬ್ಬಳಿಗೆ ನಾನು ಆ ಮಾತು ಹೇಳಿದ್ದು ಅದೇ ಮೊದಲು. ಹೇಳಿದರೆ ಮರ್ಯಾದೆ ಹೋಗುತ್ತದೆಂದು ಅಲ್ಲಿಯವರೆಗೆ ನಂಬಿದ್ದೆ. ಮುಂದೆ ಹೊರಗಿನ ಪರೀಕ್ಷಕಿಯಾಗಿ ಬೇರೆ ಕೇಂದ್ರಗಳಿಗೆ ಹೋಗತೊಡಗಿದ ಮೇಲೆ, ನಿವೃತ್ತಿಯವರೆಗೂ, ನಾನೇ ಒಮ್ಮೆಯಾದರೂ ಮಾಡಿ ನೋಡದ ಪದಾರ್ಥವನ್ನು ಯಾರ ಚೀಟಿಯಲ್ಲೂ ಬರೆಯಲಿಲ್ಲ. ಗೊತ್ತಿಲ್ಲದ್ದು ಎದುರಿಗೆ ಬಂದಾಗ ಮೊದಲು ಬಾಯಿಬಿಟ್ಟು ಒಪ್ಪಿಕೊಂಡು, ಆಮೇಲೆ ಪೆನ್ನು ಎತ್ತುವುದನ್ನು ರೂಢಿಸಿಕೊಂಡೆ.